‘ಎಲ್ಲಾ ಕೇಳಿಸತ್ತೆ ಕಣೋ’

ಹೋದ ದಸರಾ ಹೊತ್ತಿಗೆ ಅಪ್ಪನಿಗೆ ಹಿಯರಿಂಗ್ ಏಡ್ ಕೊಡಿಸಿದೆ, ಎರಡೂ ಕಿವಿಗೆ. ನಿಜವಾದ ಬೆಲೆ ಗೊತ್ತಾದರೆ ಬೇಡ ಅಂತಾರೆ ಅಂತ ಒಂದು ಸೊನ್ನೆ ನುಂಗಿ ಹೇಳಿದ್ದೆ. ನಾಲ್ಕನೇ ದಿನ ಆಫೀಸಿನಿಂದ ಬಂದು ನೋಡಿದರೆ ಅವು ಡಬ್ಬಿ ಸಮೇತ ದೇವರ ಮನೆಯ ಡ್ರಾಯರ್‌ನಲ್ಲಿ, ಕರ್ಪೂರದ ಪಕ್ಕ ತಣ್ಣಗೆ ಮಲಗಿದ್ದವು.

“ಯಾಕಪ್ಪಾ, ಕೇಳಿಸಲ್ವಾ?”

“ಎಲ್ಲಾ ಕೇಳಿಸತ್ತೆ ಕಣೋ. ಅದೇ ಕಷ್ಟ.”

ಅದಕ್ಕೇ ಅಲ್ವಾ ಕೊಡಿಸಿದ್ದು ಅಂತ ರೇಗಿದೆ. ಫ್ಯಾನು, ಫ್ರಿಜ್ಜು, ತಟ್ಟೆಗೆ ತಾಗುವ ಚಮಚ, ಬೀದಿಯ ಬೈಕು, ತಮ್ಮದೇ ಚಪ್ಪಲಿ ಸದ್ದು ಎಲ್ಲವೂ ಒಟ್ಟಿಗೆ ನುಗ್ಗುತ್ತವಂತೆ. “ಅದರೊಳಗೆ ನಿನ್ನ ಮಾತು ಎಲ್ಲೋ ಕಳೆದುಹೋಗತ್ತೆ” ಅಂದರು. ನಾನು ನೆಪ ಅಂದುಕೊಂಡೆ. ಇಎಂಐ ಕಟ್ಟೋನು ನಾನು ನೋಡಿ! ಒಂದು ವಾರ ಇಬ್ಬರ ನಡುವೆ ಸರಿಯಾಗಿ ಮಾತಿರಲಿಲ್ಲ.

ನಿಜ ಹೇಳ್ತೀನಿ, ಅಪ್ಪ ಹೇಳೋದು ತಪ್ಪು ಅಂತ ಸಾಬೀತು ಮಾಡೋಕೇ ನಾನು ಓದಲು ಕೂತಿದ್ದು.

ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಕಿವಿ ಅಂದ್ರೆ ಮೈಕು, ಕಣ್ಣು ಅಂದ್ರೆ ಕ್ಯಾಮೆರಾ, ನರ ಅಂದ್ರೆ ವೈರು. ಸುದ್ದಿ ಮುಟ್ಟಿಸೋದಷ್ಟೇ ನರದ ಕೆಲಸ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ: ಒಂದನ್ನೊಂದು ಸುಮ್ಮನಿರಿಸೋದು. ಅಮೆರಿಕದ ವಿಜ್ಞಾನಿ ಹಾರ್ಟ್‌ಲೈನ್ ಇದನ್ನು ಕುದುರೆಲಾಳದ ಏಡಿ ಎಂಬ ಸಮುದ್ರಜೀವಿಯ ಕಣ್ಣಿನಲ್ಲಿ ಅಳೆದು ತೋರಿಸಿದರು. ಆ ಕಣ್ಣಿನ ತುಂಬ ನೂರಾರು ಪುಟ್ಟ ಘಟಕಗಳು. ಒಂದರ ಮೇಲೆ ಬೆಳಕು ಬಿಟ್ಟರೆ ಅದರ ನರ ಟಕಟಕ ಅಂತ ಸಂಕೇತ ಕಳಿಸುತ್ತೆ. ಪಕ್ಕದ ಘಟಕಕ್ಕೂ ಬೆಳಕು ಬಿಡಿ, ಮೊದಲನೆಯದರ ವೇಗ ತಗ್ಗುತ್ತೆ. ಪಕ್ಕದವರು ‘ಶ್’ ಅಂದ ಹಾಗೆ.

ಇದರಿಂದ ಏನು ಲಾಭ? ಬೆಳಕಿನ ನಟ್ಟನಡುವೆ ಇರುವ ಘಟಕವನ್ನು ಸುತ್ತಲಿನವರೆಲ್ಲ ಸುಮ್ಮನಿರಿಸುತ್ತಾರೆ. ಬೆಳಕು-ಕತ್ತಲೆಯ ಅಂಚಿನಲ್ಲಿ ಇರುವುದಕ್ಕೆ ಒಂದು ಕಡೆಯಿಂದ ‘ಶ್’ ಅನ್ನೋರು ಕಡಿಮೆ. ಹಾಗಾಗಿ ಅದರ ದನಿ ಜೋರು, ಅಂಚು ಎದ್ದು ಕಾಣುತ್ತೆ. ಈ ಕಣ್ಣಿನ ಕೆಲಸಕ್ಕೆ 1967ರಲ್ಲಿ ಹಾರ್ಟ್‌ಲೈನ್‌ಗೆ ನೊಬೆಲ್‌ನ ಪಾಲು ಸಿಕ್ಕಿತು.

ಕಣ್ಣಷ್ಟೇ ಅಲ್ಲ ಅಂದವರು ಹಂಗೇರಿಯ ಬೇಕೇಶಿ. ಬುಡಾಪೆಸ್ಟ್‌ನಲ್ಲಿ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಮನುಷ್ಯ, ಒಳಕಿವಿಯ ಗುಟ್ಟು ಬಿಡಿಸಿ 1961ರಲ್ಲಿ ನೊಬೆಲ್ ಪಡೆದವರು. ಎರಡು ಬೆರಳ ತುದಿಗೆ ಮೆಲ್ಲಗೆ ಮಿಡಿಯುವ ಎರಡು ಉಪಕರಣ ತಾಗಿಸಿದರು. ಒಂದು ಮಿಡಿತ ಇನ್ನೊಂದಕ್ಕಿಂತ ಸುಮಾರು 1 ಮಿಲಿಸೆಕೆಂಡ್ ಮೊದಲು ಬಂದರೆ ನಮಗೆ ಎರಡು ಮಿಡಿತ ಗೊತ್ತಾಗೋದೇ ಇಲ್ಲ. ಮೊದಲು ಮುಟ್ಟಿದ ಬೆರಳಿನಲ್ಲಿ ಮಾತ್ರ ಒಂದು. ಇನ್ನೊಂದು ಬೆರಳೂ ಮಿಡಿದಿದೆ, ಆದರೆ ಅದರ ಸುದ್ದಿ ದಾರಿಯಲ್ಲೇ ಅಡಗಿಹೋಯ್ತು. ನಾಲಿಗೆಯ ಎರಡು ಬದಿ, ಮೂಗಿನ ಎರಡು ಹೊಳ್ಳೆಗಳಲ್ಲೂ ಅವರು ಇಂಥದ್ದನ್ನೇ ಕಂಡರು. ಮಂಚದ ಕಾಲಿಗೆ ಮೊಣಕಾಲು ಬಡಿದಾಗ ತಿಕ್ಕಿಕೊಳ್ತೀವಲ್ಲ, ಅಲ್ಲೂ ಸ್ಪರ್ಶದ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಗ್ಗಿಸುತ್ತವೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ವಿವರಿಸಿದರು.

ಗದ್ದಲದಲ್ಲಿ ಒಬ್ಬರ ಮಾತು ಹೆಕ್ಕೋದು ಮೆದುಳಿನ ಇನ್ನೂ ಮೇಲಿನ ಮಹಡಿಯ ಕೆಲಸ. ಆದರೆ ಅಲ್ಲೂ ಕೇಳಿಸಿಕೊಳ್ಳೋದು ಅಂದ್ರೆ ಬಹುಪಾಲು ಬಿಟ್ಟುಬಿಡೋದೇ. ವಯಸ್ಸಾದಂತೆ ಕೇಳುವ ದಾರಿಯ ಈ ‘ಶ್’ ಸಡಿಲವಾಗುತ್ತೆ ಅನ್ನೋದಕ್ಕೆ ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಪುರಾವೆಯಿದೆ. ಅದೂ ಅಲ್ಲದೆ ಅಪ್ಪನ ಲೋಕ ಎಷ್ಟೋ ವರ್ಷದಿಂದ ನಿಶ್ಶಬ್ದವಾಗುತ್ತಾ ಬಂದಿತ್ತು. ಫ್ರಿಜ್ ಸದ್ದನ್ನು ಕಡೆಗಣಿಸುವ ಅಭ್ಯಾಸವೇ ತಪ್ಪಿಹೋಗಿತ್ತು. ಯಂತ್ರ ಶಬ್ದವನ್ನು ಎತ್ತಿ ಕೊಟ್ಟಿತು. ಯಾವುದನ್ನು ಬಿಡಬೇಕು ಅನ್ನೋದನ್ನು ಅವರು ಮತ್ತೆ ಕಲಿಯಬೇಕಿತ್ತು.

ನಾನೋ, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇಲ್ಲದೆ ಆಫೀಸಿನಲ್ಲಿ ಒಂದು ಮೇಲ್ ಬರೆಯೋನಲ್ಲ. ಅಪ್ಪನನ್ನು ಮಾತ್ರ ಏಕಾಏಕಿ ಗದ್ದಲಕ್ಕೆ ತಳ್ಳಿ, ಹೊಂದಿಕೋ ಅಂದಿದ್ದೆ. “ಮೊದಲು ಶಾಂತವಾದ ರೂಮು, ಒಬ್ಬರೇ ಮಾತಾಡಿ, ದಿನಾ ಸ್ವಲ್ಪ ಸ್ವಲ್ಪ” ಅಂತ ಆಡಿಯಾಲಜಿಸ್ಟ್ ಮೊದಲ ದಿನವೇ ಹೇಳಿದ್ದರು. ನಾನು ಆಗ ಫೋನ್ ನೋಡ್ತಾ ಇದ್ದೆ.

ಸಾರಿ ಕೇಳೋ ರೂಢಿ ನಮ್ಮ ಮನೆಯಲ್ಲಿಲ್ಲ. ಡಬ್ಬಿ ತಂದು ಅವರ ಕೈಗಿಟ್ಟು, ಟಿವಿ, ಫ್ಯಾನು ಆರಿಸಿ ಎದುರಿಗೆ ಕೂತೆ. ಮೊದಲು ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ನಂತರ ಫ್ಯಾನ್ ಹಾಕಿಕೊಂಡು. ಎರಡನೇ ತಿಂಗಳು ಊಟದ ಟೇಬಲ್‌ಗೆ ಬಂದೆವು, ಎಲ್ಲ ತಟ್ಟೆ ಚಮಚಗಳ ನಡುವೆ.

ಮೊನ್ನೆ ರಾತ್ರಿ ಆಫೀಸಿನ ಕಥೆ ಹೇಳ್ತಾ ಇದ್ದೆ. ಬೆನ್ನ ಹಿಂದೆ ಫ್ರಿಜ್ ಗುರ್ ಅಂತ ಶುರುವಾಯ್ತು. ಮಾತು ನಿಲ್ಲಿಸಿ, “ಈಗಲೂ ಆ ಸದ್ದು ಅಷ್ಟೇ ಕಷ್ಟ ಆಗತ್ತಾ?” ಅಂತ ಕೇಳಿದೆ.

“ಯಾವ ಸದ್ದು?” ಅಂದರು. “ಅದಿರಲಿ, ಆಮೇಲೆ ನಿನ್ನ ಮ್ಯಾನೇಜರ್ ಏನಂದ?”