ಬಿಸಿಲಿಗೆ ಮರ್ಯಾದೆ

ಆಸ್ಟ್ರೇಲಿಯಾದ ನಡುಭಾಗದ ವಟಾರ್ಕ ರಾಷ್ಟ್ರೀಯ ಉದ್ಯಾನದಲ್ಲಿ ಕಿಂಗ್ಸ್ ಕ್ಯಾನ್ಯನ್ ಅನ್ನೋ ಕಮರಿ ಇದೆ. ಅದರ ಅಂಚಿನ ಮೇಲೆ ಸುಮಾರು 6 ಕಿಲೋಮೀಟರ್ ನಡಿಗೆ. ಅವತ್ತಿನ ಬಿಸಿಲು 36 ಡಿಗ್ರಿ ಮುಟ್ಟುತ್ತೆ ಅಂತಿದ್ದರೆ ಬೆಳಿಗ್ಗೆ 9ರೊಳಗೆ ಹೊರಡಲೇಬೇಕು, ಆಮೇಲೆ ಬಿಡೋದಿಲ್ಲ.

"ಹಳ್ಳಿಯವನು ನೀನು, ಬಿಸಿಲೇನು ಮಹಾ!" ಅಂದ ಜೊತೆಗಿದ್ದ ಸಹೋದ್ಯೋಗಿ. ನನಗೆ ನಗು ಬಂತು. ಬಿಸಿಲಿಗೆ ಹಳ್ಳಿಯವರಷ್ಟು ಹೆದರೋರು ಇನ್ಯಾರೂ ಇಲ್ಲ. ಬೇಸಿಗೆಯಲ್ಲಿ ಅಪ್ಪ ನಸುಕಿಗೇ ಹೊಲಕ್ಕೆ ಹೋಗಿ, ಹೊತ್ತೇರುವಷ್ಟರಲ್ಲಿ ಹೊಂಗೆ ಮರದಡಿ ಇರ್ತಿದ್ದರು.

ಕಡಿದಾದ ಮೆಟ್ಟಿಲು ಹತ್ತಿದರೆ ಕೆಂಪು ಮರಳುಗಲ್ಲಿನ ಗುಮ್ಮಟಗಳು, ಸಾಲಾಗಿ ಒಟ್ಟಿದ ಹುಲ್ಲಿನ ಮೆದೆಗಳ ಹಾಗೆ. ಬಂಡೆಯ ಮೇಲೆ ಯಾವುದೋ ಕಾಲದ ನೀರಿನ ಅಲೆಗಳು ಹಾಗೇ ಕಲ್ಲಾಗಿವೆ. ಅಲ್ಲೇ ಗೆಳೆಯನ ಕಾಲು ನಡುಗೋಕೆ ಶುರುವಾಯ್ತು, ಮುಖ ಕೆಂಪಾಗಿ ಮಾತು ನಿಂತಿತು. ಹತ್ತು ಗಂಟೆಯೂ ಆಗಿರಲಿಲ್ಲ. ಮೆಟ್ಟಿಲಿಳಿಸಿ ಕಮರಿಯ ಸೀಳಿಗೆ ಕರ್ಕೊಂಡು ಹೋಗಿ, ನೆರಳಲ್ಲಿ ಕೂರಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿದೆ.

ಎದುರಿಗೇ ಸೈಕಾಡ್ ಗಿಡಗಳಿದ್ದವು. ಈ ಸೀಮೆ ಇನ್ನೂ ತೇವವಾಗಿದ್ದ ಕಾಲದ ವಂಶ ಅವು. ಸುತ್ತಲೆಲ್ಲ ಒಣಗಿದ ಮೇಲೂ, ನೆರಳು ನೀರು ಇರೋ ಜಾಗ ಹಿಡಿದು ಉಳಿದುಕೊಂಡಿವೆ. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದರು.

ಮುಕ್ಕಾಲು ಗಂಟೆ ಆದ್ಮೇಲೆ ಗೆಳೆಯ ಬಾಯಿಬಿಟ್ಟ: "ನಿಮ್ಮೂರಲ್ಲಿ ಎಷ್ಟೊತ್ತಿಗೆ ಹೊಲಕ್ಕೆ ಹೋಗ್ತಾರೆ ಅಂದೆ?"