ಹಿಡಿಯಿಂದ ದಮಡಿಗೆ

ಶಬ್ದದ ಬೆನ್ನು ಹತ್ತಿ ಹೋಗುವ ಹುಚ್ಚು ಧಾರವಾಡದ ಹವೆಯಲ್ಲೇ ಇದೆಯೆಂದು ನನ್ನ ನಂಬಿಕೆ. ಜರ್ಮನಿಯಿಂದ ಬಂದ ಕಿಟೆಲ್ ಈ ಸೀಮೆಯಲ್ಲೂ ಓಡಾಡಿ ಕನ್ನಡ ಕಲಿತರು. ಅವರ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಶಂ.ಬಾ. ಜೋಶಿಯವರು ಇದೇ ಊರಲ್ಲಿ ಕೂತು ಹಳೆಯ ಮಾತುಗಳನ್ನು ಕೆದಕುತ್ತ ಆಯುಷ್ಯ ಸವೆಸಿದರು. ಸಂಜೆ ತೊಡೆಯ ಮೇಲೆ ಕೋಶ ಇಟ್ಟುಕೊಂಡು ಕೂತರೆ ನನಗೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಸದ್ಯದ ಗುಂಗು ಒಂದು ಗ್ರೀಕ್ ನಾಣ್ಯದ ಹೆಸರಿನದು: ದ್ರಖ್ಮೆ.

ಬೇರು ಹುಡುಕಿದರೆ ಕೈಯೇ ಸಿಗುತ್ತದೆ. 'ದ್ರಾಸ್ಸೊಮಾಯ್' ಎಂದರೆ ಮುಷ್ಟಿಯಲ್ಲಿ ಹಿಡಿಯುವುದು. ನಾಣ್ಯ ಬರುವ ಮೊದಲು ಗ್ರೀಕರಿಗೆ ಕಬ್ಬಿಣದ ಸಲಾಕೆಯೂ ಹಣವಾಗಿತ್ತು. ಒಂದು ಸಲಾಕೆ ಒಂದು ಒಬೊಲ್. ಕೈತುಂಬ ಹಿಡಿದ ಆರು ಸಲಾಕೆ ಒಂದು ದ್ರಖ್ಮೆ. ಅರ್ಗೋಸ್ ಬಳಿಯ ಹೇರಾ ದೇವಿಯ ಗುಡಿಯಲ್ಲಿ ನೆಲ ಅಗೆದಾಗ ಅಂಥ ಸಲಾಕೆಗಳ ದೊಡ್ಡ ಕಟ್ಟೇ ಸಿಕ್ಕಿದೆ. ಒಂದಿದ್ದರೆ ದ್ರಖ್ಮೆ, ಹಲವಿದ್ದರೆ ದ್ರಖ್ಮಾಯ್, ಷಷ್ಠಿಯಲ್ಲಿ ದ್ರಖ್ಮೇಸ್, ಬಹುವಚನದ ಷಷ್ಠಿಗೆ ದ್ರಖ್ಮೋನ್. ಗ್ರೀಸಿನದೇ ಅರ್ಕೇಡಿಯ ಸೀಮೆಯವರ ಬಾಯಲ್ಲಿ ಅದು ದರ್ಖ್ಮಾ. ಸಂಸ್ಕೃತದ ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಈ ರೂಪಗಳು ದೂರದ ಬಳಗದಂತೆ ಕಾಣುತ್ತವೆ. ಅವನ್ನು ಗಟ್ಟಿಯಾಗಿ ಹೇಳಿಕೊಳ್ಳುವುದೇ ಒಂದು ಸುಖ.

ಈ ನಾಣ್ಯ ನಮ್ಮ ನೆಲಕ್ಕೂ ಬಂತು. ಭಾರತದ ವಾಯವ್ಯದಲ್ಲಿ ಆಳಿದ ಗ್ರೀಕ್ ಅರಸು ಮೆನಾಂಡರ್, ಬೌದ್ಧರ ಮಿಲಿಂದ, ತನ್ನ ಬೆಳ್ಳಿ ದ್ರಖ್ಮೆಗಳನ್ನು ಅಚ್ಚು ಹಾಕಿಸಿದ್ದ. ಭರೂಚಿನ ಪೇಟೆಯಲ್ಲಿ ಆ ಹಳೆಯ ನಾಣ್ಯಗಳು ಇನ್ನೂ ನಡೆಯುತ್ತಿವೆಯೆಂದು ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಕಡಲ ವ್ಯಾಪಾರದ ಕೈಪಿಡಿ 'ಪೆರಿಪ್ಲಸ್' ಹೇಳುತ್ತದೆ. ಶಬ್ದ ಸಂಸ್ಕೃತಕ್ಕೆ ಬಂದಾಗ ಖಕಾರ ಕರಗಿ ಮಕಾರ ಒತ್ತಾಯಿತು: ದ್ರಮ್ಮ. ಪ್ರಾಕೃತದಲ್ಲಿ ರೇಫವೂ ಹೋಗಿ ದಮ್ಮ.

ಇನ್ನು ನನಗೆ ಮೈ ಜುಮ್ಮೆನ್ನುವ ಜಾಗ. ನಮ್ಮ ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಸಾಲಿನಲ್ಲಿ ದ್ರಮ್ಮವೂ ಕೂತಿದೆ. ಗುಡಿಗೆ ದತ್ತಿ ಬಿಟ್ಟವರಿಗೆ, ಅದನ್ನು ಕಲ್ಲಿನಲ್ಲಿ ಕೊರೆದ ರೂವಾರಿಗೆ ಅದು ಕನ್ನಡದ್ದೇ ಶಬ್ದ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಪ್ರಕಟಿಸಿದ ಶಾಸನ ಸಂಪುಟಗಳನ್ನು ತಿರುವುವಾಗ ಅರಸರ ಬಿರುದಾವಳಿ ದಾಟಿ ನಾನು ನೇರ ಲೆಕ್ಕದ ಸಾಲಿಗೆ ಬರುತ್ತೇನೆ. ಬಿರುದುಗಳಿಗಿಂತ ಹೆಚ್ಚಿನ ಜೀವ ಅಲ್ಲಿದೆ.

ದಮ್ಮ ಮುಂದೆ ದಾಮ್ ಆಯಿತು. ಅಕ್ಬರನ ಕಾಲಕ್ಕೆ ಅದು ತಾಮ್ರದ್ದು, ರೂಪಾಯಿಗೆ 40. ಅದರ ಎಂಟನೆಯ ಪಾಲು ದಮಡಿ. ಹುಬ್ಬಳ್ಳಿಯ ಸಂತೆಯಲ್ಲಿ "ಇದಕ ದಮಡಿ ಕಿಮ್ಮತ್ತಿಲ್ರೀ" ಎಂದು ಚೌಕಾಸಿಗೆ ನಿಂತ ಅಜ್ಜಿಯ ನಾಲಗೆಯ ಮೇಲೆ ಅರ್ಗೋಸಿನ ಹಿಡಿಯ ಚೂರು ಇದೆ. ಅದೇ ದ್ರಖ್ಮೆ ಪಾರಸಿಕರ ಮೂಲಕ ಅರಬರಲ್ಲಿ ದಿರ್ಹಮ್ ಆಗಿ ದುಬೈನಲ್ಲಿ ದುಡಿಯುವವರ ಪಗಾರವಾಗಿದೆ. ಗ್ರೀಸಿನಲ್ಲೇ 2002ರಲ್ಲಿ ಯೂರೋ ಬಂದು ದ್ರಖ್ಮೆ ಚಲಾವಣೆ ಬಿಟ್ಟಿತು.

ತೂಕದ ಹೆಸರಾಗಿ ಇಂಗ್ಲಿಷಿಗೆ ಹೋದದ್ದು ಡ್ರಾಮ್. ಹೋಮಿಯೋಪಥಿ ಅಂಗಡಿಯ ಸಕ್ಕರೆ ಗುಳಿಗೆಯ ಶೀಶೆಗೆ ಇವತ್ತಿಗೂ ಅದೇ ಅಳತೆ. "ಒಂದ ಡ್ರಾಮಿಂದು ಸಾಕೇನ್ರಿ, ಎರಡರದ್ದ ಕೊಡ್ಲೋ?" ಎಂದು ಅಂಗಡಿಯವರು ಕೇಳುತ್ತಾರೆ. ನಾನು ಎರಡರದ್ದೇ ತರುತ್ತೇನೆ.