ಅಡ್ಡಹೆಸರು ಕೇಳದ ಊಟ

ಮೊನ್ನೆ ರವಿವಾರ ಅವ್ವನ್ನ, ಮಗಳನ್ನ ಕರ್ಕೊಂಡು ಇಂಡಿಯಿಂದ ವಿಜಯಪುರಕ್ಕೆ ಹೋಗಿದ್ದೆ. ಅವ್ವಗ ಈಗ ಎಪ್ಪತ್ತು. ಇಷ್ಟು ವರ್ಷದಲ್ಲಿ ಆಕಿ ವಿಜಯಪುರಕ್ಕೆ ಬಂದದ್ದು ದವಾಖಾನೆಗೆ, ಕೋರ್ಟಿಗೆ, ಒಮ್ಮೆ ನಮ್ಮ ಧರಣಿಗೆ. ಊರು ನೋಡಾಕಂತ ಬಂದಿರಲಿಲ್ಲ. ಗೋಳಗುಮ್ಮಟದ ಮ್ಯಾಲ ಹತ್ತಿ ಮೊಮ್ಮಗಳು "ಆಯೀ" ಅಂತ ಕೂಗಿದ್ದು ಕೆಳಗ ಕೂತಾಕಿಗೆ ತಿರುತಿರುಗಿ ಕೇಳಿಸ್ತು. ನಕ್ಕಿದ್ದೇ ನಕ್ಕಿದ್ದು.

ಅಲ್ಲಿಂದ ಜುಮ್ಮಾ ಮಸೀದಿ ಕಡೆ ನಡ್ಕೊಂತ ಹೋದ್ವಿ. ಆದಿಲಶಾಹಿ ಕಾಲದ ಹಳೇ ಗೋಡೆಗಳಿಗೆ ಒರಗಿಕೊಂಡೇ ಮನೆಗಳು, ಬೇಕರಿ, ಸಣ್ಣ ಸಣ್ಣ ಹೋಟೆಲು. ಹಸಿವಾಗಿತ್ತು, ಒಂದರ ಮುಂದೆ ನಿಂತ್ವಿ. ಒಳಗಿಂದ ಹುಡುಗ, "ಬರ್ರಿ ಅಜ್ಜಿ, ಕುಂದರ್ರಿ. ಏನ್ ಕೊಡ್ಲಿ?" ಅಂದ. ಅಷ್ಟೇ. ಮತ್ತೇನೂ ಕೇಳಲಿಲ್ಲ.

ಹೊರಗ ಉಣ್ಣೋದು ಅಂದ್ರೆ ನಮಗೆ ಮೊದಲು ನೆನಪಾಗೋದು ರುಚಿ ಅಲ್ಲ, ಪ್ರಶ್ನೆ. "ಯಾ ಊರು? ಯಾರ ಪೈಕಿ? ಅಡ್ಡಹೆಸರು ಏನು?" ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಬಸ್ಸಿಳಿದರೂ ರೊಟ್ಟಿ ಖಾನಾವಳಿಗೆ ಬರಗಾಲ ಇಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಬೋರ್ಡಿನ ಮೇಲೆ 'ಲಿಂಗಾಯತ ಖಾನಾವಳಿ' ಅಂತ ಬರೆಯೋ ರೂಢಿ ಹಳೇದು. ಕೇಳಿದ್ರೆ, ಸಸ್ಯಾಹಾರ ಅಂತ ಗೊತ್ತಾಗ್ಲಿ ಅಂತಾರೆ. ಸಸ್ಯಾಹಾರಿ ಅಂತಲೇ ಬರೀರಲ್ಲ, ಅದಕ್ಕೂ ನಾಕೇ ಅಕ್ಷರ. ಹರಳಯ್ಯ, ಮಧುವರಸರ ಬೀಗತನ ನೆನೆಯೋ ಮಂದಿ ನಾವು, ಬಸವಣ್ಣ ಹುಟ್ಟಿದ ಜಿಲ್ಲೆ ಬೇರೆ.

ಒಂದು ಮಾತು ಇವತ್ತು ಹೇಳಿಬಿಡ್ತೀನಿ. ಡಿಗ್ರಿ ಓದುವಾಗ ಒಂದು ತಾಲ್ಲೂಕು ಊರಿನ ಖಾನಾವಳಿಯಲ್ಲಿ ಗಲ್ಲೆ ಮ್ಯಾಲ ಕೂತವರು ಅಡ್ಡಹೆಸರು ಕೇಳಿದ್ರು. ಹಸಿವಾಗಿತ್ತು. ನನ್ನ ರೂಮ್‌ಮೇಟ್‌ನ ಅಡ್ಡಹೆಸರು ಹೇಳಿದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಂತು. ಬಡಿಸೋ ಅವ್ವ "ತಮ್ಮಾ, ಇನ್ನೊಂದ್ ರೊಟ್ಟಿ ಹಾಕ್ಲಿ? ನಾಚ್ಕೋಬ್ಯಾಡ" ಅಂದ್ಲು. ಆ ಅಂತಃಕರಣ ಸುಳ್ಳಲ್ಲ, ಆದ್ರೆ ಅದು ನನಗಲ್ಲ, ರೂಮ್‌ಮೇಟ್‌ನ ಅಡ್ಡಹೆಸರಿಗೆ. ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ, ಆದರೂ ಉಂಡೆ. ಸ್ವಾಭಿಮಾನದ ಬಗ್ಗೆ ಎಷ್ಟು ವೇದಿಕೆ ಮೇಲೆ ಭಾಷಣ ಮಾಡೀನಿ, ಇದನ್ನ ಮಾತ್ರ ಹೇಳಿಲ್ಲ. ಮಗಳಿಗೂ ಹೇಳಿರಲಿಲ್ಲ.

ಜುಮ್ಮಾ ಮಸೀದಿ ಓಣಿಯಲ್ಲಿ ಭೇದ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅಲ್ಲೂ ಮೇಲು ಕೀಳು ಅನುಭವಿಸಿದ ಗೆಳೆಯರು ನನಗಿದ್ದಾರೆ. ಆದ್ರೆ ಆ ಹೋಟೆಲಿನಲ್ಲಿ ನಮ್ಮನ್ನ ಕೇಳಿದ್ದು ಏನು ಬೇಕು ಅಂತ ಮಾತ್ರ.

ಬಿರ್ಯಾನಿ ಬಂತು, ಅವ್ವಗ ಪಾಯಾ, ರೋಟಿ. ತಟ್ಟೆ ಅಂಚಿಗೆ ನಿಂಬೆ ಹೋಳು. "ನಮ್ಮ ಇಂಡಿದ ಇರಬೇಕು" ಅಂದ್ಲು. ನಿಂಬಿ ತೋಟದಾಗ ಮುಳ್ಳು ಚುಚ್ಚಿಸಿಕೊಂಡು ಕೂಲಿ ಮಾಡಿದಾಕಿ. ಆಕಿ ಕಿತ್ತ ಕಾಯಿ ಯಾವ ಅಡಗಿ ಮನಿಗೂ ಹೋಗ್ತದ, ಅದರ ಅಡ್ಡಹೆಸರು ಯಾರೂ ಕೇಳಂಗಿಲ್ಲ.

ಊಟ ಆದ್ಮೇಲೆ ಚಾ. ಕುಡಿದು ಮುಗಿಸಿದ್ದೇ ಅವ್ವ ಗ್ಲಾಸ್ ಹಿಡ್ಕೊಂಡು ಎದ್ದಳು. ನಳ ಎಲ್ಲಿ ಅಂತ ಹುಡುಕ್ತಿದ್ದಳು. ನಮ್ಮೂರ ಚಾದಂಗಡಿಯಲ್ಲಿ ನಮ್ಮವರ ಕಪ್ಪುಬಶಿ ಹೊರಗ ಮಾಡದಾಗ ಇರ್ತಿದ್ವು. ಕುಡಿಯೋದು, ತೊಳಿಯೋದು, ಅಲ್ಲೇ ಇಡೋದು. ಹೋಟೆಲಿನೊಳಗೆ ಜಾತಿ ಅಡ್ಡ ಬರಬಾರದು ಅಂತ ಸಂವಿಧಾನದ 15(2)ನೇ ವಿಧಿ ಹೇಳ್ತದೆ. ಅಸ್ಪೃಶ್ಯತೆ ಆಚರಣೆ ಅಪರಾಧ ಅಂತ ಕಾಯ್ದೆ ಬಂದದ್ದು 1955ರಲ್ಲಿ. ಆ ಕಾಯ್ದೆ, ನಮ್ಮವ್ವ ಓರಗೆಯವರು. ಇಬ್ಬರೂ ಕೂಡೇ ಬೆಳೆದ್ರು, ಆದ್ರೆ ಚಾದಂಗಡಿಯಲ್ಲಿ ಭೇಟಿ ಆಗಲಿಲ್ಲ. ಈಗ ಊರಲ್ಲಿ ಎಲ್ಲರಿಗೂ ಪೇಪರ್ ಕಪ್ಪು. ಸಮಾನತೆ ಬಂತು ಅಂತಾರೆ. ನನಗನಿಸೋದು, ಸಾಕ್ಷಿ ಹೋಯ್ತು.

ಹುಡುಗ ಓಡಿ ಬಂದು, "ಅಜ್ಜಿ, ಇಡ್ರಿ ಅಲ್ಲೇ, ನಾ ತೊಗೋತೀನಿ" ಅಂತ ಗ್ಲಾಸ್ ಇಸ್ಕೊಂಡ. ಅವ್ವ ಕೈ ಎಲ್ಲಿಡಬೇಕು ತಿಳೀದೆ ಸೆರಗಿಗೆ ಒರಸ್ಕೊಂಡ್ಲು. ಮಗಳಿಗೆ ಇದೇನೂ ಅರ್ಥ ಆಗಲಿಲ್ಲ. "ಆಯಿ ಯಾಕ್ ಎದ್ಲು ಪಪ್ಪಾ?" ಅಂದ್ಲು. ಬಸ್ಸಿನಲ್ಲಿ ಹೇಳಿದೆ. ಕಪ್ಪುಬಶಿ ಕಥೀನೂ, ನಾನು ಹೇಳಿದ ಸುಳ್ಳು ಅಡ್ಡಹೆಸರೂ. ಆಕಿ ಬಹಳ ಹೊತ್ತು ಮಾತಾಡಲಿಲ್ಲ.

ಝಳಕಿ ದಾಟಿದ ಮ್ಯಾಲ ಅವ್ವನೇ ಬಾಯಿ ಬಿಟ್ಲು. "ಪಾಯಾಕ್ಕ ಉಪ್ಪು ಕಮ್ಮಿ ಹಾಕಿದ್ರು. ಮುಂದಿನ ಸಲ ಹೋದಾಗ ಆ ಹುಡುಗಗ ಹೇಳಬೇಕು."

ಜೈಭೀಮ್.